ಸೇವೆಗೆ ಶನಿವಾರವಿದೆ, ಕಲಿಕೆಗೆ ಪಿರಿಯಡ್ ಇಲ್ಲ

ಸಂಪಾದಕರಿಗೆ,

ಮಾನ್ಯರೇ,

ಮಳೆಯ ಜೊತೆಗೇ ಶಾಲೆಗಳೂ ಶುರುವಾಗಿವೆ. ಇನ್ನು ಕಾರವಾರದಿಂದ ಭಟ್ಕಳದವರೆಗಿನ ಪ್ರೌಢಶಾಲೆಗಳ ಫೋಟೊಗಳು ನಿಮ್ಮ ಜಿಲ್ಲಾ ಪುಟಕ್ಕೆ ಬರತೊಡಗುತ್ತವೆ. ಕಡಲತೀರ ಸ್ವಚ್ಛತೆ, ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡುವುದು, ಬಾವಿ ನೀರಿನ ಪರೀಕ್ಷೆ, ಬ್ಯಾನರ್ ಹಿಡಿದ ಜಾಥಾ. ಮಕ್ಕಳ ಹುರುಪು ನಿಜವಾದದ್ದೇ, ಅದರಲ್ಲಿ ಸಂಶಯವಿಲ್ಲ. ಆದರೆ ಈ ಕೆಲಸ ಮಾಡಿಸುವ ಶಿಕ್ಷಕರು ಎಲ್ಲಿ ಸೇರಿದರೂ ಒಂದೇ ಮಾತು ಬರುತ್ತದೆ: ಕೆಲಸ ಮುಗಿಯಿತು, ವರದಿ ಹೋಯಿತು, ಸೋಮವಾರ ತರಗತಿಯಲ್ಲಿ ಅದರ ಸುದ್ದಿಯೇ ಇಲ್ಲ. ಸೇವೆಗೆ ಒಂದು ಶನಿವಾರ ಸಿಗುತ್ತದೆ, ಅದರಿಂದ ಕಲಿಯಲು ಒಂದು ಪಿರಿಯಡ್ ಸಿಗುವುದಿಲ್ಲ. ಈ ಪತ್ರ ಆ ಒಂದು ಪಿರಿಯಡ್ಡಿಗಾಗಿ.

ಸೇವಾ ಕಲಿಕೆ ಎಂಬುದು ಶ್ರಮದಾನಕ್ಕೆ ಇಟ್ಟ ಹೊಸ ಹೆಸರಲ್ಲ. ಊರಿಗೆ ಬೇಕಾದ ಒಂದು ಕೆಲಸ, ಆ ತರಗತಿಯ ಪಠ್ಯದಲ್ಲೇ ಇರುವ ಒಂದು ಪಾಠ, ಮಾಡಿದ್ದನ್ನು ಕೂತು ತೂಗಿ ನೋಡುವ ಹೊತ್ತು, ಈ ಮೂರೂ ಕೂಡಿದಾಗ ಆ ಹೆಸರು ಸಲ್ಲುತ್ತದೆ. ಈ ಪದ ಅಮೆರಿಕದಲ್ಲಿ 1967ರ ಸುಮಾರಿಗೆ ಬಳಕೆಗೆ ಬಂತು. ವಿಚಾರ ಮಾತ್ರ ನಮ್ಮಲ್ಲಿ ಅದಕ್ಕೂ ಹಳೆಯದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸದ ಮೂಲಕವೇ ಗಣಿತ, ವಿಜ್ಞಾನ ಕಲಿಸಬೇಕೆಂದಿತು. 1964–66ರ ಕೊಠಾರಿ ಆಯೋಗ ಶಾಲೆಗಳಲ್ಲಿ ಕಾರ್ಯಾನುಭವ ಮತ್ತು ಸಮಾಜಸೇವೆ ಎರಡೂ ಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯದ ಯೋಜನೆ ಕೊಟ್ಟಿತು. ಹೆಸರುಗಳು ಬದಲಾಗುತ್ತ ಬಂದವು, ಕೈಗೂ ಪುಸ್ತಕಕ್ಕೂ ಇರಬೇಕಾದ ನಂಟು ಮಾತ್ರ ಸಡಿಲವಾಗುತ್ತ ಹೋಯಿತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಪ್ರೌಢಶಾಲೆ ಮುಗಿಸಬೇಕಾದರೆ 75 ಗಂಟೆ ಸೇವೆ ಮಾಡಿರಬೇಕು. ಬರೀ ಗಂಟೆ ಎಣಿಸುವ ಬದಲು ಅದನ್ನು ಪಾಠದೊಳಗೇ ಸೇರಿಸಿ ನಡೆಸುವ ಅವಕಾಶವೂ ಅಲ್ಲಿದೆ. ನಮಗೆ ಹೊಂದುವುದು ಆ ಎರಡನೆಯ ದಾರಿ.

ಪಾಠದೊಳಗೆ ಸೇರಿಸುವುದು ಅಂದರೆ ಏನೆಂದು ಬಾವಿಯಿಂದಲೇ ಹೇಳಬಹುದು. ಕರಾವಳಿಯಲ್ಲಿ ಈಗಲೂ ಮನೆಮನೆಗೆ ಬಾವಿ ಇದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಮೊದಲ ತಿಂಗಳುಗಳಲ್ಲೇ ಬರುತ್ತದೆ. ಅದರಲ್ಲಿ ಚಲುವೆ ಪುಡಿ, ಅಂದರೆ ಎಲ್ಲರ ಬಾಯಲ್ಲಿರುವ ಬ್ಲೀಚಿಂಗ್ ಪೌಡರ್ ಇದೆ. ಬಾವಿಗೆ ಕೊಳೆನೀರು ಇಳಿಯುವುದೂ ಅದೇ ಮಳೆಗಾಲದಲ್ಲಿ. ಲೆಕ್ಕ ಹೀಗೆ: ಬಾವಿಯ ವ್ಯಾಸ 3 ಮೀಟರ್, ನೀರಿನ ಆಳ 2 ಮೀಟರ್ ಇದ್ದರೆ 3.14 × 1.5 × 1.5 × 2, ಅಂದರೆ 14.13 ಘನ ಮೀಟರ್, ಸುಮಾರು 14,100 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 35 ಗ್ರಾಂ ಪುಡಿ ಸಾಕು. ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ ಗಂಟಿಲ್ಲದಂತೆ ಮಾಡಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ, ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ ಜೋರಾಗಿ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ಆಮೇಲೆ ಪರೀಕ್ಷಿಸಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ತಪ್ಪುವುದು ಎಲ್ಲಿ? ಮೊದಲನೆಯದು, ವ್ಯಾಸವನ್ನೇ ತ್ರಿಜ್ಯವೆಂದು ಹಾಕುವುದು. ಆಗ ಪುಡಿ ನಾಲ್ಕು ಪಟ್ಟು ಬೀಳುತ್ತದೆ, ಮನೆಯವರು ವಾಸನೆಗೆ ಹೇಸಿ ಇನ್ನೊಮ್ಮೆ ಶಾಲೆಯವರನ್ನು ಬಾವಿಕಟ್ಟೆಗೆ ಸೇರಿಸುವುದಿಲ್ಲ. ಎರಡನೆಯದು, ಬಾವಿಯ ಆಳವನ್ನೇ ನೀರಿನ ಆಳವೆಂದು ಬರೆಯುವುದು. ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಮೇಲೆಳೆದಾಗ ಒದ್ದೆಯಾದಷ್ಟು ಉದ್ದವನ್ನು ಮಾತ್ರ ಎಣಿಸಬೇಕು. ಜುಲೈನಲ್ಲಿ ಒಂದು ರಾತ್ರಿಯ ಮಳೆಗೆ ನೀರು ಏರುವುದರಿಂದ ಅಳತೆ ಮತ್ತು ಪುಡಿ ಎರಡೂ ಒಂದೇ ದಿನ ಆಗಬೇಕು. ಮೂರನೆಯದು ನಮ್ಮ ಹವೆಯ ತೊಂದರೆ. ಹೊಸ ಪುಡಿಯಲ್ಲಿ ಸುಮಾರು ಶೇ 33 ಕ್ಲೋರಿನ್ ಸಿಗುತ್ತದೆ. ಕರಾವಳಿಯ ತೇವದಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಲೆಕ್ಕ ಸರಿ, ತೂಕ ಸರಿ, ಆದರೂ ನೀರಿನಲ್ಲಿ ಕ್ಲೋರಿನ್ ಇಲ್ಲ! ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು, ಆದರೆ ಪರೀಕ್ಷೆ ಮಾಡದೆ ಮನೆಗೆ ಹೋದರೆ ಆ ಗಳಿಗೆಯೇ ಬರುವುದಿಲ್ಲ. ಅಳತೆ, ಲೆಕ್ಕ, ಪರೀಕ್ಷೆ ಮಕ್ಕಳದು. ಪುಡಿ ಕಲಸಿ ಬಾವಿಗೆ ಇಳಿಸುವುದು ಪಂಚಾಯಿತಿಯ ನೀರುಗಂಟಿ ಅಥವಾ ಆರೋಗ್ಯ ಕಾರ್ಯಕರ್ತರದು. ಕಟ್ಟೆ ಇಲ್ಲದ ಬಾವಿಯ ಬಳಿಗೆ ಮಕ್ಕಳು ಹೋಗಲೇಬಾರದು.

ಉಪ್ಪುನೀರಿನ ಕತೆ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಆಸುಪಾಸಿನ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದು ಎಲ್ಲರಿಗೂ ಗೊತ್ತು. ಇದನ್ನು ಜುಲೈನಲ್ಲಿ ಅಳೆದರೆ ಎಲ್ಲ ಬಾವಿಯೂ ಸಿಹಿ. ಮಾರ್ಚಿನಲ್ಲಿ ಅಳೆಯೋಣವೆಂದರೆ ಪರೀಕ್ಷೆ. ಹಾಗಾಗಿ ಒಂಬತ್ತನೆಯ ತರಗತಿಗೆ ಒಪ್ಪಿಸಿ, ನವೆಂಬರಿನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ, ಅದೇ ಬಾವಿ, ಅದೇ ಮಕ್ಕಳು, ಅದೇ ಮೀಟರ್ ಎಂದು ನಡೆಸುವುದು ಒಳ್ಳೆಯದು. ಒಂದು ತರಗತಿಗೆ 10ರಿಂದ 12 ಬಾವಿ ಸಾಕು. ಐವತ್ತು ಬಾವಿ ಹಿಡಿದ ತಂಡಗಳು ಎರಡನೆಯ ಸುತ್ತು ಮುಗಿಸುವುದೇ ಇಲ್ಲ. ನಾಲ್ಕೈದು ಕೊಡ ಸೇದಿ ಹೊರಗೆ ಚೆಲ್ಲಿ, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಬಾವಿಯ ಸಂಖ್ಯೆ, ದಿನ, ಗಂಟೆ ಬರೆದ ಚೀಟಿ ಅಲ್ಲೇ ಅಂಟಿಸಬೇಕು. ಹೊಳೆದಂಡೆಯ ಬಾವಿಯಾದರೆ ಆಗ ಉಬ್ಬರವೋ ಇಳಿತವೋ ಎಂಬುದನ್ನೂ ಬರೆಯಬೇಕು, ಇಲ್ಲವಾದರೆ ಎರಡು ಸುತ್ತಿನ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾಂಶ, ಅಳೆಯುವ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 2,000ವರೆಗೆ ಆಗಬಹುದು. ಕ್ಲೋರೈಡಿಗೆ ಈ ಅಂಕಿಗಳು 250 ಮತ್ತು 1,000. ಕ್ಲೋರೈಡನ್ನು ಶಾಲೆಯ ಪ್ರಯೋಗಾಲಯದಲ್ಲೇ ಅಳೆಯಬಹುದು. ಲೀಟರಿಗೆ 2.4 ಗ್ರಾಂನಂತೆ ಕರಗಿಸಿದ ಸಿಲ್ವರ್ ನೈಟ್ರೇಟ್ ದ್ರಾವಣ, 50 ಮಿಲಿಲೀಟರ್ ಬಾವಿ ನೀರು, ಸೂಚಕವಾಗಿ ನಾಲ್ಕು ಹನಿ ಪೊಟ್ಯಾಸಿಯಂ ಕ್ರೋಮೇಟ್. ಹಳದಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುವವರೆಗೆ ಎಷ್ಟು ಮಿಲಿಲೀಟರ್ ಬಿತ್ತೋ ಅದನ್ನು 10ರಿಂದ ಗುಣಿಸಿದರೆ ಲೀಟರಿನಲ್ಲಿರುವ ಕ್ಲೋರೈಡ್ ಮಿಲಿಗ್ರಾಂನಲ್ಲಿ ಬರುತ್ತದೆ. ದ್ರಾವಣವನ್ನು ನಲ್ಲಿ ನೀರಿನಲ್ಲಿ ಮಾಡಿದರೆ ಬಾಟಲಿಯಲ್ಲೇ ಬೆಳ್ಳಗೆ ಒಡೆಯುತ್ತದೆ, ಬಟ್ಟಿ ಇಳಿಸಿದ ನೀರೇ ಬೇಕು. ಬಿಸಿಲಿಗಿಟ್ಟರೆ ಕಪ್ಪಾಗುತ್ತದೆ, ಕಂದು ಬಾಟಲಿ ಬೇಕು. ಕ್ರೋಮೇಟ್ ವಿಷ, ಅದನ್ನು ಶಿಕ್ಷಕರೇ ಹಾಕಬೇಕು. ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಚೀಟಿ ಅಂಟಿಸಿದ ಬಾಟಲಿಯಲ್ಲಿ ತೆಗೆದಿಡಬೇಕು. ಸಮುದ್ರದ ನೀರಿನ ಲೀಟರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ನೂರು ಕೊಡದಲ್ಲಿ ಒಂದು ಕೊಡ ಸಮುದ್ರದ್ದಾದರೆ ಸುಮಾರು 190 ಏರಿತು. ಈ ಒಂದು ಲೆಕ್ಕ ಬೋರ್ಡಿನ ಮೇಲೆ ಬಿದ್ದ ಮೇಲೆ ಮಿತಿಗಿಂತ ಹೆಚ್ಚು ನೀರೆತ್ತಿ ಉಪ್ಪುನೀರನ್ನು ಬಾವಿಯತ್ತ ಎಳೆಯುವ ಪಂಪಿನ ಬಗ್ಗೆ ಮಕ್ಕಳೇ ಪ್ರಶ್ನೆ ಎತ್ತುತ್ತಾರೆ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಟಿಡಿಎಸ್ ಕಡಿಮೆ ಬಂದರೆ ನೀರು ಶುದ್ಧ ಎಂದು ಮಕ್ಕಳು ಮನೆಯಲ್ಲಿ ಹೇಳಿಬಿಡುತ್ತಾರೆ. ಆ ಮೀಟರಿಗೆ ರೋಗಾಣು ಕಾಣುವುದಿಲ್ಲ. ರೋಗಾಣುವಿನ ಸುಳಿವಿಗೆ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್ ಅನಿಲ) ಪರೀಕ್ಷೆಯ ಬಾಟಲಿ ಇದೆ, 24ರಿಂದ 48 ಗಂಟೆಯಲ್ಲಿ ನೀರು ಕಪ್ಪಾದರೆ ಸಂಶಯ. ಆದರೆ ಗಜನಿಯ (ಅಳಿವೆ ಬದಿಯ ಉಪ್ಪುನೀರಿನ ಗದ್ದೆಯ) ಕೆಸರಿನ ಹತ್ತಿರದ ಬಾವಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಇದೇ ಅನಿಲ ಮೊದಲೇ ಇದ್ದರೆ ಬಾಟಲಿ ತುಂಬಿದ ಕೂಡಲೇ ಕಪ್ಪಾಗುತ್ತದೆ, ಅದು ರೋಗಾಣುವಿನ ಗುರುತಲ್ಲ. ಎರಡನೆಯದು, ಮಕ್ಕಳ ಪರೀಕ್ಷೆಯ ಮೇಲೆ ಯಾವ ಮನೆಗೂ ‘ಈ ನೀರು ಕುಡಿಯಬೇಡಿ’ ಎಂದು ತೀರ್ಪು ಕೊಡಬಾರದು. ಸಂಶಯ ಬಂದ ಬಾವಿಯ ನೀರನ್ನು ಪಂಚಾಯಿತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಬೇಕು. ಫಲಿತಾಂಶ ಮೊದಲು ಆ ಮನೆಗೆ ತಲುಪಬೇಕು. ಫಲಕದ ಮೇಲೆ ಬಾವಿಯ ಸಂಖ್ಯೆ ಇರಲಿ, ಮನೆತನದ ಹೆಸರು ಬೇಡ. ಯಾರ ಬಾವಿಯ ನೀರು ಯಾರು ಮುಟ್ಟಬಾರದೆಂಬ ಮಾತು ಊರಿನಿಂದ ಇನ್ನೂ ಪೂರ್ತಿ ಹೋಗಿಲ್ಲ, ಶಾಲೆಯ ಫಲಕ ಅದಕ್ಕೆ ಹೊಸ ನೆಪ ಕೊಡಬಾರದು.

ಮನೆಮನೆ ಸಮೀಕ್ಷೆಯಲ್ಲಿ ಪ್ರಶ್ನೆಯ ಮಾತೇ ಅರ್ಧ ಕೆಲಸ. ‘ನಿಮ್ಮ ಬಾವಿಯ ನೀರಿನ ಗುಣಮಟ್ಟ ಹೇಗಿದೆ?’ ಎಂದರೆ ‘ಚಲೋ ಅದೆ’ ಎಂಬ ಒಂದೇ ಉತ್ತರ. ‘ಏಪ್ರಿಲ್‌ನಲ್ಲಿ ಅನ್ನಕ್ಕೆ ನೀರು ಎಲ್ಲಿಂದ ತರುತ್ತೀರಿ? ಬೇಳೆ ಬೇಯುತ್ತದೆಯೇ? ಸೋಪು ನೊರೆ ಬರುತ್ತದೆಯೇ?’ ಎಂದು ಕೇಳಿದರೆ ವಿಷಯ ಹೊರಬೀಳುತ್ತದೆ. ಕಾರವಾರದ ಕಡೆ ಕೊಂಕಣಿಯಲ್ಲಿ, ಭಟ್ಕಳದಲ್ಲಿ ನವಾಯತಿಯಲ್ಲಿ, ಅಂಕೋಲಾ ಕುಮಟಾದ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಅವರದೇ ಕನ್ನಡದಲ್ಲಿ ಕೇಳಲು ಮಕ್ಕಳಿಗೆ ಬರುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಆ ದಿನ ತಂಡದ ಮುಂದೆ ನಿಲ್ಲುವುದು ಇದೇ ಕಾರಣಕ್ಕೆ, ಶಿಕ್ಷಕರು ಬಹಳ ಸಲ ಹೇಳುವ ಸಂತೋಷದ ಸಂಗತಿ ಇದು.

ಹೊತ್ತು ಗೊತ್ತು ಮಾಡುವಾಗ ಬೆಂಗಳೂರಿನ ಕ್ಯಾಲೆಂಡರ್ ನಮ್ಮ ಕರಾವಳಿಗೆ ಹೊಂದುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವ ತಂದೆಯರು ಮನೆಯಲ್ಲಿರುತ್ತಾರೆ, ಬಲೆ ರಿಪೇರಿಗೆ ಕೂತಿರುತ್ತಾರೆ. ಮೀನಿನ ಬಗ್ಗೆ, ದಂಡೆಯ ಕೊರೆತದ ಬಗ್ಗೆ ಹಿರಿಯರನ್ನು ಕೇಳಿ ಬರೆದುಕೊಳ್ಳುವ ಸಮಾಜ ವಿಜ್ಞಾನದ ಕೆಲಸಕ್ಕೆ ಅದೇ ಸಮಯ. ನೀರಿಗೆ ಇಳಿಯುವ ಯಾವ ಕೆಲಸಕ್ಕೂ ಅದು ಸಮಯವಲ್ಲ. ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ ಸೆಪ್ಟೆಂಬರಿನ ಮೂರನೆಯ ಶನಿವಾರ ಬರುತ್ತದೆ, ಆಗಲೂ ನಮ್ಮಲ್ಲಿ ಅಲೆ ಜೋರು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆಂದು ಸುತ್ತೋಲೆ ಹೊರಡಿಸಿದವರು ಆ ದಿನದ ಪಟ್ಟಿ ನೋಡಿರುವುದಿಲ್ಲ, ಮಕ್ಕಳು ಹೋದಾಗ ಉಬ್ಬರ ಏರಿ ದಂಡೆಯೇ ಇರುವುದಿಲ್ಲ. ಮೀನುಗಾರರ ಮನೆಯ ಯಾವ ಮಗುವನ್ನು ಕೇಳಿದರೂ ಭರತಿ ಸುಕ್ತಿಯ (ಉಬ್ಬರ ಇಳಿತದ) ಹೊತ್ತು ತಿಥಿ ಎಣಿಸಿ ಹೇಳುತ್ತದೆ. ಘಟ್ಟದ ಮೇಲಿನ ಸಿದ್ದಾಪುರ, ಶಿರಸಿ ಕಡೆಯ ಶಾಲೆಗಳಿಗೆ ಬೇರೆ ಲೆಕ್ಕ. ನವೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣುಗು ಕಾಡಿನಲ್ಲಿರುವ ಕಾಲ. ಕಾಡಂಚಿನ ಕೆಲಸ ಮಳೆ ನಿಲ್ಲುತ್ತಿದ್ದಂತೆ ಮುಗಿಸಬೇಕು, ಆಮೇಲೆ ಊರೊಳಗಿನ ಕೆಲಸ ಹಿಡಿಯಬೇಕು.

ಕಡಲತೀರ ಸ್ವಚ್ಛತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಟೆ ಎಷ್ಟಾಯಿತೆಂಬುದು ಕಲಿಕೆಯಲ್ಲ. 100 ಮೀಟರ್ ಹಗ್ಗ ಹಾಸಿ ಆ ಉದ್ದದಲ್ಲಿ ಸಿಕ್ಕಿದ್ದನ್ನು ಬಲೆ ತುಂಡು, ಬಾಟಲಿ, ಗುಟ್ಕಾ ಚೀಟಿ, ಥರ್ಮೊಕೋಲ್, ಚಪ್ಪಲಿ ಎಂದು ವಿಂಗಡಿಸಿ ಎಣಿಸಿ, ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿದರೆ ಸಂಖ್ಯಾಶಾಸ್ತ್ರದ ಪಾಠಕ್ಕೆ ಅಂಕಿ ಸಿಕ್ಕಿತು. ಸೂಜಿ, ಗಾಜು ಕಂಡರೆ ಮಕ್ಕಳು ಮುಟ್ಟದೆ ಕೋಲು ನೆಟ್ಟು ದೊಡ್ಡವರನ್ನು ಕರೆಯಬೇಕು. ಮೂಟೆ ಒಯ್ಯುವ ಗಾಡಿ ಯಾವುದು, ಎಷ್ಟು ಗಂಟೆಗೆ ಬರುತ್ತದೆ ಎಂಬುದು ಪಂಚಾಯಿತಿಯಿಂದ ಬರಹದಲ್ಲಿ ಬರದೆ ಹೊರಡಲೇಬಾರದು. ಇಲ್ಲದಿದ್ದರೆ ಮೂಟೆಗಳು ಗಾಳಿಮರದ ಬುಡದಲ್ಲೇ ಉಳಿದು ನಾಯಿ ಹರಿದು ಮತ್ತೆ ದಂಡೆ ಸೇರುತ್ತವೆ. ಅದನ್ನು ಮರುದಿನ ನೋಡುವುದೂ ಅದೇ ಮಕ್ಕಳು.

ಕಾಂಡ್ಲಾ ನೆಡುವ ಕಾರ್ಯಕ್ರಮದಲ್ಲಿ ಆಗುವ ತಪ್ಪು ಇನ್ನೂ ಗಂಭೀರ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಮೇಲೆ ಎಲ್ಲರಿಗೂ ಅಲ್ಲಿ ಗಿಡ ನೆಡುವ ಆಸೆ. ಆದರೆ ಖಾಲಿ ಕಾಣುವ ಕೆಸರು ಖಾಲಿಯಲ್ಲ. ಇಳಿತದಲ್ಲಿ ಹೆಂಗಸರು ಬಳಚು, ಚಿಪ್ಪಿಕಲ್ಲು ಆಯುವ ಜಾಗ ಅದು. ಗಜನಿಯ ಕಟ್ಟು, ಉಪ್ಪುನೀರು ತಾಳುವ ಕಗ್ಗ ಭತ್ತದ ಗದ್ದೆ, ದೋಣಿಯ ದಾರಿ ಎಲ್ಲವೂ ಅಲ್ಲೇ. ಜಾಗ ಅರಣ್ಯ ಇಲಾಖೆ ತೋರಿಸಬೇಕು, ಆಯುವವರ ಒಪ್ಪಿಗೆ ಬೇಕು. ಉಬ್ಬರದ ನೀರು ದಿನವೂ ಮುಟ್ಟಿ ಹಿಂದೆ ಸರಿಯುವ ಎತ್ತರದಲ್ಲೇ ನೆಡಬೇಕು. ಮರಳಿನಲ್ಲಿ ಅಥವಾ ಸದಾ ನೀರು ನಿಲ್ಲುವಲ್ಲಿ ನೆಟ್ಟದ್ದು ಉಳಿಯುವುದಿಲ್ಲ. ನೆಟ್ಟ ಸಂಖ್ಯೆಯ ಬದಲು ಮೂರು ತಿಂಗಳ ನಂತರ ಬದುಕಿದ ಸಂಖ್ಯೆ ಬರೆಯುವಂತಾದರೆ ಜೀವಶಾಸ್ತ್ರ ಅಲ್ಲಿಂದ ಶುರುವಾಗುತ್ತದೆ. ‘ಇದರಿಂದ ಯಾರಿಗೆ ಉಪಯೋಗ?’ ಎಂದು ಎಲ್ಲ ಶಾಲೆಯಲ್ಲೂ ಕೇಳುತ್ತಾರೆ. ‘ಇದರಿಂದ ಯಾರಿಗೆ ತೊಂದರೆ?’ ಎಂದೂ ಮಕ್ಕಳಿಂದ ಮೊದಲೇ ಬರೆಸಬೇಕು.

ಈಗ ಆ ಪಿರಿಯಡ್ಡಿನ ಮಾತು. ಇಡೀ ಯೋಜನೆಗೆ ನಮ್ಮ ಲೆಕ್ಕದಲ್ಲಿ 14 ಪಿರಿಯಡ್ ಬೇಕು: ಸಮಸ್ಯೆ ತಿಳಿಯಲು 3, ತಯಾರಿಗೆ 3, ಹೊರಗಿನ ಕೆಲಸಕ್ಕೆ 4, ಮರುನೋಟಕ್ಕೆ 3, ಊರಿನ ಮುಂದೆ ಇಡಲು 1. ಸಮಯ ಸಾಲದೆಂದಾಗ ಮೊದಲು ಕತ್ತರಿ ಬೀಳುವುದು ಮರುನೋಟಕ್ಕೆ. ನಮಗೆ ಅನಿಸುವುದು, ಹೊರಗಿನ ಕೆಲಸ ಅರ್ಧವಾದರೂ ಸರಿ, ಮರುನೋಟ ಉಳಿಯಬೇಕು. ಅದು ಕೆಲಸದ ಮರುದಿನವೇ ಆಗಬೇಕು, ವಾರ ಕಳೆದರೆ ಮಕ್ಕಳು ಕಂಡದ್ದನ್ನು ಬಿಟ್ಟು ಕೇಳಿದ ಭಾಷಣವನ್ನೇ ಬರೆಯುತ್ತಾರೆ. ‘ಏನು ಕಲಿತೆ?’ ಎಂಬ ಪ್ರಶ್ನೆಗೆ ‘ಸ್ವಚ್ಛತೆ ಮುಖ್ಯ ಎಂದು ಕಲಿತೆ’ ಎಂದು ನಲವತ್ತು ಮಕ್ಕಳೂ ಬರೆಯುತ್ತಾರೆ, ತಪ್ಪು ಅವರದಲ್ಲ. ‘ಅಳೆಯುವ ಮೊದಲು ಯಾವ ಬಾವಿ ಉಪ್ಪು ಎಂದುಕೊಂಡಿದ್ದೆ? ಯಾವ ಅಂಕಿ ನಿನ್ನ ಊಹೆಯನ್ನು ಸುಳ್ಳು ಮಾಡಿತು? ಆ ಮನೆಯವರು ಹೇಳಿದ ಯಾವ ಮಾತು ಪುಸ್ತಕದಲ್ಲಿಲ್ಲ? ಮುಂದಿನ ವರ್ಷ ಈ ಕೆಲಸವೇ ಬೇಡವಾಗಬೇಕಾದರೆ ಯಾರು ಏನು ಮಾಡಬೇಕು?’ ಹೀಗೆ ಕೇಳಿದರೆ ಉತ್ತರಗಳು ಬೇರೆಬೇರೆ ಬರುತ್ತವೆ. ಕೊನೆಯ ಪ್ರಶ್ನೆಯ ಉತ್ತರವೇ ಕನ್ನಡ ಪಿರಿಯಡ್ಡಿನ ಪತ್ರಲೇಖನವಾಗಲಿ. ಪರೀಕ್ಷೆಗೆಂದು ಕಲ್ಪಿತ ಪಂಚಾಯಿತಿಗೆ ಬರೆಯುವ ಮನವಿಯನ್ನು ತಮ್ಮದೇ ಪಂಚಾಯಿತಿಗೆ, ತಮ್ಮದೇ ಅಂಕಿಗಳ ಪಟ್ಟಿ ಸೇರಿಸಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಲಿ.

ಅಂಕ ಕೊಡುವುದು ಮೂಟೆ ಹೊತ್ತದ್ದಕ್ಕಲ್ಲ, ಅಳತೆಯ ಪುಸ್ತಕಕ್ಕೆ ಮತ್ತು ಮರುನೋಟದ ಬರಹಕ್ಕೆ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನೇ ತೆಗೆದುಕೊಂಡರೆ ಶಿಕ್ಷಕರಿಗೆ ಇನ್ನೊಂದು ದಾಖಲೆ ಬರೆಯುವ ಹೊರೆ ತಪ್ಪುತ್ತದೆ. ಹುಡುಗಿಯರ ಕೈಗೆ ಕಸಬರಿಗೆ, ಹುಡುಗರ ಕೈಗೆ ಮೀಟರ್ ಹೋಗುವುದು ಹೇಳದೆಯೇ ನಡೆದುಬಿಡುತ್ತದೆ. ಎರಡನೆಯ ಸುತ್ತಿನಲ್ಲಿ ಕೆಲಸ ಅದಲುಬದಲು ಮಾಡುವ ಪಟ್ಟಿಯನ್ನು ಮೊದಲೇ ಗೋಡೆಗೆ ಹಚ್ಚಬೇಕು. ಮಕ್ಕಳಿಂದ ಶೌಚಾಲಯ ತೊಳೆಸುವುದನ್ನು ಸರ್ಕಾರ ನಿಷೇಧಿಸಿದೆ. ಅದನ್ನು ಸೇವೆ ಎಂದು ಕರೆದರೂ ನಿಷೇಧ ನಿಷೇಧವೇ.

ಕಾರವಾರ ಮತ್ತು ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ವರ್ಷಕ್ಕೆ ಹತ್ತು ದಿನಾಚರಣೆಯ ಹತ್ತು ವರದಿ ಕೇಳುವ ಬದಲು ಒಂದು ತರಗತಿಗೆ ಒಂದೇ ಯೋಜನೆ ಕೇಳಿ. ಅದರ ಮರುನೋಟದ ಮೂರು ಪಿರಿಯಡ್ ವೇಳಾಪಟ್ಟಿಯಲ್ಲೇ ಅಚ್ಚಾಗಿರಲಿ. 15 ಮಕ್ಕಳಿಗೆ ಒಬ್ಬರಂತೆ ದೊಡ್ಡವರಿಲ್ಲದೆ, ಪಾಲಕರ ಒಪ್ಪಿಗೆ ಚೀಟಿ ಇಲ್ಲದೆ ಹೊರಗೆ ಕಳಿಸುವಂತೆ ಒತ್ತಾಯ ಬೇಡ. ಪಂಚಾಯಿತಿಗಳು ಮಕ್ಕಳ ಪಟ್ಟಿಗೆ 30 ದಿನಗಳೊಳಗೆ ಒಂದು ಸಾಲಿನ ಲಿಖಿತ ಉತ್ತರವನ್ನಾದರೂ ಕೊಡಲಿ. ‘ಆಗುವುದಿಲ್ಲ, ಈ ಕಾರಣಕ್ಕೆ’ ಎಂದು ಬಂದರೂ ಆ ಉತ್ತರದ ಮೇಲೆ ತರಗತಿಯಲ್ಲಿ ಒಂದು ಪಿರಿಯಡ್ ಮಾತಾಡಬಹುದು.

ನಿಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ. ಶಾಲೆಯಿಂದ ಬಂದ ಫೋಟೊ ಹಾಕುವಾಗ ಕೆಳಗೆ ಎರಡು ಸಂಗತಿ ಕೇಳಿ ಹಾಕಿ: ಮಕ್ಕಳು ಅಳೆದು ಕಂಡದ್ದೇನು, ಅದನ್ನು ಯಾರ ಕೈಗೆ ಕೊಟ್ಟರು. ಹಾಗೆ ಕೇಳುತ್ತಾರೆಂದು ಗೊತ್ತಾದರೆ ವರದಿ ಕಳಿಸುವ ಶಾಲೆಗಳು ಹೊರಡುವ ಮೊದಲೇ ಅಳತೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತವೆ.

ಇಂತಿ,
ಕುಮಟಾ, ಅಂಕೋಲಾ ಭಾಗದ ಪ್ರೌಢಶಾಲಾ ಶಿಕ್ಷಕರು